ಹತ್ತಿದ್ದೆಲ್ಲಿ, ಇಳಿಯೋದೆಲ್ಲಿ

ನಮ್ಮ ಮಾವ ಮನೆಯೊಳಗೂ ಓಡುವ ಬಸ್ಸಿನಲ್ಲಿ ನಿಂತ ಹಾಗೆಯೇ ನಿಲ್ಲುತ್ತಿದ್ದರು. ಎರಡೂ ಕಾಲು ಅಗಲ, ಎಡಭುಜ ಬಾಗಿಲ ಚೌಕಟ್ಟಿಗೆ ಆನಿಸಿ, ಕೈ ಎರಡೂ ಖಾಲಿ. ಹಳದೀಪುರದ ನಮ್ಮ ಮನೆಯ ನೆಲ ಯಾವ ಗಳಿಗೆಯಲ್ಲಿ ಬ್ರೇಕ್ ಹಾಕುತ್ತದೋ ಎಂಬ ಅನುಮಾನ ಅವರ ಮೊಣಕಾಲಿನಲ್ಲಿ ಇದ್ದೇ ಇರುತ್ತಿತ್ತು. ಯಾರು ಬಂದರೂ ಮೊದಲು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಹೆಣ್ಣು ನೋಡಲು ಕುಮಟೆಯ ನನ್ನ ತವರುಮನೆಗೆ ಬಂದಾಗಲೂ ಹಾಗೆಯೇ ಆಯಿತು. ನಾನು ಚಹಾ ಹಿಡಿದು ಬಂದರೆ ಉಳಿದವರೆಲ್ಲ ನನ್ನ ಮುಖ ನೋಡಿದರು, ಇವರು ಹೆಬ್ಬೆರಳು ನೋಡಿದರು. ವಿಡಿಯೊ ಗೇಮಿನ ಕಂಟ್ರೋಲರ್ ಒತ್ತಿ ಒತ್ತಿ ನನ್ನ ಎರಡೂ ಹೆಬ್ಬೆರಳಿನ ತುದಿ ದಪ್ಪಗಟ್ಟಿತ್ತು. ಅದು ಎಂತರ ಗುರುತು ಎಂದು ಅವರು ಅವತ್ತು ಕೇಳಲಿಲ್ಲ. ಲಗ್ನ ಆಗಿ, ನಾನು ಈ ಮನೆಗೆ ಬಂದು ಪೆಟ್ಟಿಗೆ ಬಿಚ್ಚುತ್ತಿರುವಾಗ ಚೌಕಟ್ಟಿಗೆ ಭುಜ ಕೊಟ್ಟು ಕೇಳಿದರು.

ಸರಕಾರಿ ಬಸ್ಸಿನ ಚೆಕಿಂಗ್‌ನಲ್ಲಿದ್ದು ನಿವೃತ್ತರಾದವರು ಅವರು. ಕುಮಟೆಯಿಂದ ಭಟ್ಕಳದವರೆಗಿನ ಹೆದ್ದಾರಿಯಲ್ಲಿ ಯಾವುದಾದರೊಂದು ಮರದ ನೆರಳಿನಲ್ಲಿ ನಿಂತು, ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ, ಒಬ್ಬೊಬ್ಬರನ್ನೇ ಕೇಳುವುದು: "ಹತ್ತಿದ್ದೆಲ್ಲಿ, ಇಳಿಯೋದೆಲ್ಲಿ?" ಟಿಕೆಟ್ ಆಮೇಲೆ. ಈ ಎರಡು ಊರಿನ ಹೆಸರು ತಡವರಿಸದೆ ಹೇಳಿದವನು ಪ್ರಾಮಾಣಿಕ ಎಂದು ಅವರ ಲೆಕ್ಕ. ಆ ಕೆಲಸಕ್ಕೆ ಅವರದೇ ಕೆಲವು ಕಟ್ಟುಪಾಡುಗಳಿದ್ದವು. ಹೇಳಿ ಬರಬಾರದು. ಒಂದೇ ಜಾಗದಲ್ಲಿ ಎರಡು ಸಲ ನಿಲ್ಲಬಾರದು. ಕಂಡಕ್ಟರನನ್ನೂ ಪ್ರಯಾಣಿಕನನ್ನೂ ಒಟ್ಟಿಗೆ ಕೇಳಬಾರದು, ಬೇರೆ ಬೇರೆ ಕೇಳಬೇಕು. ಶರಾವತಿ ಸೇತುವೆಯ ಮೇಲೆ ಬಸ್ಸು ಬಂದಾಗ ಜನರೆಲ್ಲ ಕಿಟಕಿಯ ಕಡೆ ತಿರುಗುತ್ತಾರಂತೆ, ಟಿಕೆಟ್ ತೆಗೆಯದವನೊಬ್ಬ ಮಾತ್ರ ತಿರುಗುವುದಿಲ್ಲವಂತೆ. ಹಾಗಾಗಿ ಆ ಸೇತುವೆ ಅವರಿಗೆ ಬಲು ಪ್ರಿಯ. ಅಷ್ಟು ವರ್ಷ ಅದನ್ನು ದಾಟಿಯೂ ಕೆಳಗಿನ ಹೊಳೆಯನ್ನು ಒಮ್ಮೆಯೂ ನೆಟ್ಟಗೆ ನೋಡಿದ ನೆನಪು ತನಗಿಲ್ಲ ಎಂದು ಅವರೇ ಹೇಳಿದ್ದರು.

ನಿವೃತ್ತಿಯಾದ ಮೇಲೆ ಚೆಕಿಂಗ್ ಮನೆಗೆ ಬಂತು. ಮೀನು ತರುವ ಹೆಂಗಸು ಬುಟ್ಟಿ ಇಳಿಸಿ, ಬಂಗಡೆ ಬೆಳಿಗ್ಗೆಯಷ್ಟೇ ತದಡಿಯಿಂದ ತಂದದ್ದು ಎಂದರೆ ಮೀನಿನ ಕಿವಿರು ಎತ್ತಿ ನೋಡುವುದು ನಮ್ಮ ಅತ್ತೆ. ಮಾವ ಕೇಳುತ್ತಿದ್ದುದು ಯಾವ ಬಸ್ಸಿಗೆ ಬಂದೆ ಎಂದು. ಆ ಬಸ್ಸು ಇವತ್ತು ತಡ, ಹಾಗಾದರೆ ಇದು ನಿನ್ನೆಯ ಮೀನು ಎಂದು ತೀರ್ಪು ಕೊಟ್ಟೂ ಆಗುತ್ತಿತ್ತು. ಆಕೆ ನೋಡಿದರೆ ಯಾರದೋ ಟೆಂಪೊ ಹತ್ತಿ ಬಂದಿರುತ್ತಿದ್ದಳು. ಅವರ ಅನುಮಾನಗಳಲ್ಲಿ ಮುಕ್ಕಾಲು ಪಾಲು ಹೀಗೆ ಸುಳ್ಳಾಗುತ್ತಿದ್ದವು. ಅದರಿಂದ ಅವರಿಗೇನೂ ಬೇಸರವಾದ ಹಾಗೆ ಕಾಣಲಿಲ್ಲ.

ಇಂಥವರ ಮನೆಗೆ ನಾನು ಸೊಸೆಯಾಗಿ ಬಂದೆ. ನನ್ನ ಕೆಲಸವೋ, ಹೇಳಿದರೆ ಎಂಥ ಸಾಧುವೂ ಅನುಮಾನಪಡಬೇಕು, ಅಂಥದ್ದು. ಒಬ್ಬರೇ ಕೂತು ಆಡುವ ದೊಡ್ಡ ವಿಡಿಯೊ ಗೇಮುಗಳು ಬಿಡುಗಡೆಯಾಗುವ ಮೊದಲು ಅವುಗಳಲ್ಲಿ ತಪ್ಪು ಹುಡುಕುವುದು. ಓಪನ್ ವರ್ಲ್ಡ್ ಎಂದು ಅವಕ್ಕೆ ಹೆಸರು. ಬೆಟ್ಟ, ಹೊಳೆ, ಪೇಟೆ, ಕುದುರೆ, ಜನ ಎಲ್ಲ ಸೇರಿಸಿ ಒಂದು ನಾಡನ್ನೇ ಕಟ್ಟಿಟ್ಟಿರುತ್ತಾರೆ. ನಡೆಸಬೇಕಾದ ಕಥೆ ಒಂದಿದ್ದರೂ ಅದನ್ನು ಬದಿಗಿಟ್ಟು ಮನಸ್ಸು ಬಂದಲ್ಲಿ ಅಲೆಯಬಹುದು. ಹೈಸ್ಕೂಲಿನಲ್ಲಿದ್ದಾಗ ನಾನು ಇವಕ್ಕೆ ಮರುಳಾದವಳು. ಕಣ್ಣಿಗೆ ಕಾಣುವ ಬೆಟ್ಟವನ್ನೆಲ್ಲ ಹತ್ತಬಹುದು ಎಂದು ಜಾಹೀರಾತಿನಲ್ಲಿ ಹೇಳುತ್ತಿದ್ದರು. ನಂಬಿ ಹತ್ತಿದೆ. ಮೇಲೆ ಬೆಟ್ಟವೇ ಹೊರತು ಬೇರೇನೂ ಇರಲಿಲ್ಲ. ಮುಂದಿನ ಆಟದಲ್ಲಿ ಇನ್ನೂ ದೊಡ್ಡ ನಾಡು ಎಂದರು, ಅದರಲ್ಲಿ ನೂರು ಹಳ್ಳಿಗೆ ಸೇರಿ ನಾಲ್ಕೇ ಮುಖ. ಬಾಗಿಲುಗಳೆಲ್ಲ ಗೋಡೆಯ ಮೇಲೆ ಬರೆದ ಚಿತ್ರಗಳು. ಹೊಟ್ಟೆಪಾಡಿಗೂ ಅದನ್ನೇ ಹಿಡಿದ ಮೇಲೆ ಉಳಿದಿದ್ದ ಚೂರುಪಾರು ಸಂತೋಷವೂ ಹೋಯಿತು. ಆಟದೊಳಗೆ ಸೂರ್ಯ ಮುಳುಗಿದರೆ ಬಣ್ಣ ನೋಡುವುದನ್ನು ಬಿಟ್ಟು ನೆರಳು ಎಲ್ಲಿ ಹರಿದಿದೆ ಎಂದು ನೋಡುವ ಜಾತಿ ನಾನಾಗಿದ್ದೆ.

ಕಂಪನಿಯವರು ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿದ್ದರು. ಆದರೆ ಬಿಡುಗಡೆಯಾಗುವವರೆಗೆ ಆಟವನ್ನು ಗಂಡನಿಗೂ ತೋರಿಸಬಾರದು ಎಂದು ಸಹಿ ಹಾಕಿಸಿಕೊಂಡಿದ್ದರು. ಹಾಗಾಗಿ ನಾನು ಕೋಣೆಯ ಬಾಗಿಲು ಹಾಕಿ ಚಿಲಕ ಇಟ್ಟು ಕೂರುತ್ತಿದ್ದೆ. ಒಳಗಿನಿಂದ ಕುದುರೆ ಕೆನೆಯುವ ಸದ್ದು, ಕತ್ತಿಯ ಸದ್ದು, ಯಾರೋ ಸಾಯುವ ಸದ್ದು. ಹೊರಗೆ ಮಾವ. ಕತ್ತರಿ ಬೇಕು ಎಂದು ಒಮ್ಮೆ ಬಾಗಿಲು ಬಡಿಯುವರು, ಗಡಿಯಾರ ನಿಂತಿದೆಯಾ ನೋಡು ಎಂದು ಇನ್ನೊಮ್ಮೆ. ಒಂದೇ ಹೊತ್ತಿಗೆ ಎರಡು ಸಲ ಬರಲಿಲ್ಲ. ಇದು ಚೆಕಿಂಗ್ ಎಂದು ನನಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ, ನನಗೂ ಮೈ ಉರಿಯಿತು. ಕುಮಟೆಯಲ್ಲಿ ಔಷಧಿ ಅಂಗಡಿ ನಡೆಸುವ ನನ್ನ ಗಂಡನನ್ನು ಬೇರೆಯಾಗಿ ಕರೆದು, ಇವಳ ಕೆಲಸ ಎಂತದೆಂದು ನೀನು ಕಣ್ಣಾರೆ ನೋಡಿದ್ದೀಯಾ ಎಂದು ಕೇಳಿದರಂತೆ. ಗಂಡ ಇಲ್ಲ ಎಂದರು. ನಿಜವೇ, ಅವರೂ ನೋಡಿರಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಗಂಡನೂ ನನ್ನ ಹೆಬ್ಬೆರಳು ನೋಡಿದ ಹಾಗೆ ಅನ್ನಿಸಿತು. ಹೊಸ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಿತ್ತು.

ಮಾರನೆಯ ದಿನ ಮಾವ ಹೊರಜಗಲಿಯಲ್ಲಿ ಕೂತಿದ್ದಾಗ ನಾನೇ ಹೋಗಿ ಎದುರು ನಿಂತೆ.

"ಮಾವ, ನಾನು ಮಾಡೂದೂ ಚೆಕಿಂಗೇ" ಎಂದೆ. ಇನ್ನೂ ರಸ್ತೆಗೆ ಬಿಡದ ಬಸ್ಸಿದ್ದ ಹಾಗೆ ಅದು, ಎಲ್ಲಿ ಕುಲುಕುತ್ತದೆ, ಎಲ್ಲಿ ತೂತಿದೆ ಎಂದು ಹತ್ತಿಳಿದು ನೋಡುವುದು ನನ್ನ ಕೆಲಸ ಎಂದು ವಿವರಿಸಿದೆ.

ಅವರ ಕಣ್ಣು ಸ್ವಲ್ಪ ಕಿರಿದಾಯಿತು. "ಕೇಸ್ ಸಿಗ್ತದಾ?"

"ದಿನಾ ಸಿಗ್ತದೆ."

"ತೋರ್ಸು."

"ತೋರ್ಸೂ ಹಂಗಿಲ್ಲ ಮಾವ. ಸಹಿ ಹಾಕಿದ್ದೇನೆ."

"ಟಿಕೆಟ್ ತಗಂಡಿದ್ದೇನೆ, ಆದ್ರೆ ತೋರ್ಸೂದಿಲ್ಲ ಅಂದಂಗಾಯ್ತು" ಎಂದರು ಮಾವ. "ಹಂಗೆ ಹೇಳಿದವರು ರಾಶಿ ಜನ ಸಿಕ್ಕಿದ್ರು ತಂಗಿ ನಂಗೆ." ನಮ್ಮ ಕಡೆ ಹಿರಿಯರು ಸೊಸೆಯನ್ನೂ ತಂಗಿ ಎಂದೇ ಕರೆಯುವುದು.

ಆಟ ಬಿಡುಗಡೆಯಾದ ದಿನ ತೋರಿಸುತ್ತೇನೆ, ಅಲ್ಲಿಯವರೆಗೆ ಕಾಯಿರಿ ಎಂದು ಸಿಟ್ಟಿನಲ್ಲಿಯೇ ಹೇಳಿ ಒಳಗೆ ಬಂದೆ. ಅವರು ಕಾದರು. ಬಾಗಿಲು ಬಡಿಯುವುದು ನಿಂತಿತು. ಅದರ ಬದಲು ನಾನು ಕೋಣೆಯಿಂದ ಹೊರಗೆ ಬಂದಾಗೆಲ್ಲ "ಹೊರಟ್ತಾ ಬಸ್ಸು?" ಎಂದು ಕೇಳತೊಡಗಿದರು. ವರ್ಷ ಕಳೆದರೂ ಆ ಬಸ್ಸು ಹೊರಡಲಿಲ್ಲ, ಕಂಪನಿಯವರು ದಿನ ಮುಂದೂಡುತ್ತಲೇ ಹೋದರು. ಹಾಗೆ ಕೇಳುವಾಗ ಮಾವ ನಗುತ್ತಿರಲಿಲ್ಲ, ನನಗೆ ಅದೇ ಹೆಚ್ಚು ಉರಿಯುತ್ತಿತ್ತು.

ಕೊನೆಗೂ ಆಟ ಬಂತು. ಆಫೀಸಿನ ಯಂತ್ರದಲ್ಲಿ ಮನೆಯವರಿಗೆ ತೋರಿಸುವ ಹಾಗಿಲ್ಲ, ಟೀವಿಗೆ ಜೋಡಿಸಿ ಆಡುವ ನನ್ನ ಹಳೆಯ ಕನ್ಸೋಲಿನಲ್ಲಿ ಅದು ಓಡುವುದಿಲ್ಲ. ಹೊಸದನ್ನು ಕೊಳ್ಳಲು ಭಟ್ಕಳ ಪೇಟೆಗೆ ಹೊರಟೆ. ಮಾವ ತಾವೂ ಬರುತ್ತೇನೆಂದರು. ಫಾರಿನ್ ಸಾಮಾನಿನ ಅಂಗಡಿಯಲ್ಲಿ ಪೆಟ್ಟಿಗೆಯನ್ನು ತಿರುಗಿಸಿ, ಮೂಸಿ, ಅಂಟಿಸಿದ ಟೇಪನ್ನು ಉಗುರಿನಲ್ಲಿ ಕೆರೆದು, ಇದು ಎಲ್ಲಿಯದು ಎಂದು ಅಂಗಡಿಯವನನ್ನು ಕೇಳಿದರು. ಅಂಗಡಿಯವನು ಅವರನ್ನೇ ನೋಡುತ್ತಿದ್ದ. ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಅವರ ಕೈಗೆ ಸಿಕ್ಕಿಬಿದ್ದವನೋ ಏನೋ. "ಹತ್ತಿದ್ದು ದುಬೈಯಲ್ಲಿ, ಇಳಿಯೋದು ನಿಮ್ಮ ಮನೆಯಲ್ಲಿ ಚಾಚಾ" ಎಂದ. ಮಾವನಿಗೆ ಸಮಾಧಾನವಾಗಿ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡರು, ವಾಪಸು ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲಿಂದ ಇಳಿಸಲಿಲ್ಲ.

ಟೀವಿಗೆ ಜೋಡಿಸಿ ಆಟ ಶುರುಮಾಡಿದೆ. ಅವರಿಗೆ ಬೇಕಾಗಿದ್ದುದು ಆಟವಲ್ಲ. ಇದನ್ನು ಮಾಡಿದವರ ಹೆಸರು ಇರುತ್ತದಲ್ಲ, ಅದನ್ನು ಹಾಕು ಎಂದರು. ಹಾಕಿದೆ. ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೊಳೆಯ ಹಾಗೆ ಹರಿದವು. ಅಡುಗೆಯವರ ಹೆಸರಿತ್ತು, ಆಟ ತಯಾರಾಗುತ್ತಿದ್ದಾಗ ಕೆಲಸದವರಿಗೆ ಹುಟ್ಟಿದ ಮಕ್ಕಳ ಹೆಸರೂ ಇತ್ತು. ಮಾವ ಕನ್ನಡಕ ಒರೆಸಿಕೊಂಡು, ಕಾಲು ಅಗಲಿಸಿ ನಿಂತು, ಬೆರಳು ಎತ್ತಿ ಕೊನೆಯವರೆಗೂ ನೋಡಿದರು. ನನ್ನ ಹೆಸರಿರಲಿಲ್ಲ. ಗುತ್ತಿಗೆಯ ಮೇಲೆ ತಪ್ಪು ಹುಡುಕುವವರ ಹೆಸರು ಹಾಕುವ ಪದ್ಧತಿ ಅವರಲ್ಲಿಲ್ಲ ಎಂದು ನನಗೆ ಅವತ್ತೇ ತಿಳಿದದ್ದು. ಕತ್ತಲಾದ ತೆರೆಯ ಮೇಲೆ ನಾವಿಬ್ಬರೂ ಕಾಣುತ್ತಿದ್ದೆವು. ನನಗೆ ಅಳು ಬಂತು, ಅವರ ಎದುರು ಅಳಬಾರದೆಂದು ಹಲ್ಲು ಕಚ್ಚಿದೆ.

ಆಟದೊಳಗೆ ಹೊಕ್ಕು, ಕೋಟೆಯ ಹಿಂದಿನ ಒಂದು ಗೋಡೆಯ ಹತ್ತಿರ ಹೋಗಿ ನಿಂತೆ. ಇಲ್ಲಿ ಒಂದು ತೂತಿತ್ತು, ಕಾಲಿಟ್ಟರೆ ಭೂಮಿಯ ಕೆಳಗೆ ಬೀಳುತ್ತಿದ್ದೆ, ಬರೆದು ಕಳಿಸಿದ ಮೇಲೆ ಮುಚ್ಚಿದ್ದಾರೆ ಎಂದೆ. ಮುಚ್ಚಿದ ತೂತನ್ನು ತೋರಿಸುವುದು ಹೇಗೆ? ಗೋಡೆ ಬರೀ ಗೋಡೆಯ ಹಾಗಿತ್ತು. ಮಾವ ಅದನ್ನು ಬಹಳ ಹೊತ್ತು ನೋಡಿದರು. ತಾನು ಇಳಿದ ಮೇಲೆ ಬಸ್ಸೂ ಹೀಗೆಯೇ ಹೋಗುತ್ತಿತ್ತು, ಚೆಕಿಂಗ್ ಆದದ್ದಕ್ಕೆ ಏನೂ ಗುರುತು ಉಳಿಯುತ್ತಿರಲಿಲ್ಲ ಎಂದರು. ನಂಬಿದೆ ಎನ್ನಲಿಲ್ಲ. "ಕೊಡು ಇಲ್ಲಿ, ನಾ ಒಂದ್ ಸಲ ನೋಡ್ತೆ" ಎಂದು ಕಂಟ್ರೋಲರಿಗೆ ಕೈ ಚಾಚಿದರು.

ಆಮೇಲಿನ ದಿನಗಳ ಬಗ್ಗೆ ಬರೆಯುವಾಗ ಈಗಲೂ ನಗು ಬರುತ್ತದೆ. ಆಟದ ಕಥೆಯಲ್ಲಿ ರಾಜನನ್ನು ಕೊಂದಿದ್ದರು, ರಾಜ್ಯ ಉರಿಯುತ್ತಿತ್ತು, ಉಳಿಸಬೇಕಾದವರು ನಮ್ಮ ಮಾವ. ಅವರು ಅದರ ತಂಟೆಗೇ ಹೋಗಲಿಲ್ಲ. ಪೇಟೆಯ ಬಾಯಲ್ಲಿ ನಿಂತು, ಗಂಟು ಹೊತ್ತು ಹೋಗುವವನೊಬ್ಬನ ಬೆನ್ನು ಹಿಡಿದರು. ಇವನು ಎಲ್ಲಿಂದ ಬಂದ, ಎಲ್ಲಿ ಹೋಗುತ್ತಾನೆ ನೋಡಬೇಕೆಂದು. ಅವನು ಗೋಡೆಯ ತನಕ ಹೋಗಿ, ಗೋಡೆಗೆ ಮೂಗು ತಾಗಿಸಿ, ತಿರುಗಿ ಬಂದ. ಮತ್ತೆ ಹೋದ. ಇನ್ನೊಬ್ಬಳು ಮೂಲೆ ತಿರುಗಿದ ಕೂಡಲೇ ಮಾಯವಾದಳು. ಸೈನಿಕನೊಬ್ಬ ಹಗಲೂ ರಾತ್ರಿ ಒಂದೇ ಕಂಬಕ್ಕೆ ಕಾವಲು. ನಾಯಿಯೊಂದು ಕಳ್ಳರಿಗೆ ಸುದ್ದಿ ಕೊಡುವ ನಾಯಿ ಎಂದು ಅನುಮಾನಪಟ್ಟು ಒಂದು ಮಧ್ಯಾಹ್ನವಿಡೀ ಅದರ ಹಿಂದೆ ಅಲೆದರು. ಅದು ಬರೀ ನಾಯಿ. "ಪೂರಾ ಬೋಗಸ್ಸು. ಒಬ್ಬಂಗೂ ಇಳಿಯೂ ಊರಿಲ್ಲ" ಎಂದು ಕಂಟ್ರೋಲರ್ ಕೆಳಗಿಟ್ಟಾಗ ಅವರ ಮುಖ ಸಣ್ಣದಾಗಿತ್ತು. ನನಗೆ ಅದು ಹೊಸ ಸಂಗತಿಯಲ್ಲ. ಆಟಗಳೆಂದರೆ ಹೀಗೆಯೇ ಮಾವ, ದೊಡ್ಡದು ಅಂತ ಹೇಳುತ್ತಾರೆ, ಒಳಗೆ ಏನೂ ಇರುವುದಿಲ್ಲ ಎಂದೆ.

ಅವರು ಬಿಡಲಿಲ್ಲ. ಆಟದೊಳಗೆ ಒಂದು ಊರಿಂದ ಇನ್ನೊಂದಕ್ಕೆ ಹೋಗಲು ಕುದುರೆ ಗಾಡಿಗಳಿವೆ. ಗುಂಡಿ ಒತ್ತಿದರೆ ಪ್ರಯಾಣವನ್ನು ಹಾರಿಸಿ ನೇರ ಊರಿಗೆ ಹೋಗಬಹುದು, ನಾವೆಲ್ಲ ಹಾಗೆಯೇ ಮಾಡುತ್ತಿದ್ದೆವು. ಮಾವ ಮಾತ್ರ ಗಾಡಿಯಲ್ಲಿ ಕಿಟಕಿ ಬದಿಗೆ ಕೂತು ಪೂರ್ತಿ ದಾರಿ ಹೋಗುತ್ತಿದ್ದರು. ಮೊದಮೊದಲು ಗಾಡಿಯೊಳಗಿನ ಜನರ ಕೈಯನ್ನೇ ನೋಡುತ್ತಿದ್ದವರು, ಬರಬರುತ್ತ ಹೊರಗೆ ನೋಡತೊಡಗಿದರು. ಆ ನಾಡಿನ ಹೊಳೆ ಬಂದಾಗ "ತಂಗಿ, ನೀರು ನೋಡು" ಎಂದು ನನ್ನನ್ನು ಕರೆಯುತ್ತಿದ್ದರು. ನಾನು ನೀರಿನಲ್ಲಿ ತಪ್ಪು ಹುಡುಕುತ್ತ ಹೂಂ ಎನ್ನುತ್ತಿದ್ದೆ.

ಹಾಗೆ ಗಾಡಿಯಿಂದ ಇಳಿದ ಒಂದು ಪೇಟೆಯಲ್ಲಿ ಅವರಿಗೆ ಒಬ್ಬ ಅಜ್ಜಿ ಸಿಕ್ಕಿದಳು. ಸಂಜೆ ಪೇಟೆ ಮುಗಿಯುವ ಹೊತ್ತಿಗೆ ಬುಟ್ಟಿ ಎತ್ತಿಕೊಂಡು ಹೊರಡುವ ಮುದುಕಿ. ಮಾತಾಡಿಸಿದರೆ ಕೆಮ್ಮುತ್ತಾಳೆ, ಅಷ್ಟೆ. ಕಥೆಗೂ ಅವಳಿಗೂ ಸಂಬಂಧವಿಲ್ಲ. ಮಾವ ಅವಳ ಹಿಂದೆ ಹೊರಟರು. ಪೇಟೆ ದಾಟಿತು, ಸೇತುವೆ ದಾಟಿತು, ಅವಳು ಮಾಯವಾಗಲಿಲ್ಲ. ಗುಡ್ಡದ ದಾರಿಯ ತಿರುವಿನಲ್ಲಿ ಬುಟ್ಟಿ ಇಳಿಸಿ ಸುಧಾರಿಸಿಕೊಂಡಳು. ಮತ್ತೆ ಎತ್ತಿಕೊಂಡು ಹತ್ತಿದಳು. ಮೇಲೆ ಒಂದು ಸಣ್ಣ ಮನೆ. ಬಾಗಿಲು ತೆಗೆದು ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ದೀಪ ಕಂಡಿತು.

ಮಾವ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಸದ್ದಿಲ್ಲದೆ, ಭುಜ ಕುಲುಕಿಸುತ್ತ, ಬಹಳ ಹೊತ್ತು ನಕ್ಕರು. "ಇಳಿದ್ಲು" ಎಂದರು. ಅತ್ತೆಯನ್ನು ಕರೆದು ಹೇಳಿದರು, ಅಂಗಡಿಯಿಂದ ಬಂದ ಮಗನಿಗೂ ಹೇಳಿದರು. ನಾನು ಆ ಆಟದ ಇಂಚು ಇಂಚನ್ನೂ ತಡಕಿದವಳು, ಆ ಮನೆಯ ಗೋಡೆಯನ್ನೂ ಗುದ್ದಿ ನೋಡಿದ್ದೆ, ಅದು ಯಾರ ಮನೆ ಎಂದು ಮಾತ್ರ ನೋಡಿರಲಿಲ್ಲ. ಯಾರೂ ಹಿಂದೆ ಹೋಗದ ಒಬ್ಬ ಮುದುಕಿಗೆ ಎಲ್ಲೋ ಕೂತ ಯಾರೋ ಒಬ್ಬರು ಮನೆ ಕಟ್ಟಿ, ದೀಪ ಇಟ್ಟು, ಹೇಳದೆ ಸುಮ್ಮನಿದ್ದರಲ್ಲ ಎಂದುಕೊಂಡೆ. ಅಂದಿನಿಂದ ಸಂಜೆ ಅಜ್ಜಿಯನ್ನು ಮನೆ ಮುಟ್ಟಿಸುವುದು ಮಾವನ ನಿತ್ಯಕರ್ಮವಾಯಿತು. ಚಹಾ ಹಿಡಿದು ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ನಾನು ಸಂತೋಷಕ್ಕೆಂದು ಆಟ ನೋಡಿದ್ದು ಎಷ್ಟೋ ವರ್ಷಗಳ ಮೇಲೆ ಆಗಲೇ.

ನನ್ನ ಕೆಲಸದ ಬಗ್ಗೆ ಮಾತ್ರ ಅವರು ತೀರ್ಪು ಕೊಟ್ಟಿರಲಿಲ್ಲ. ನಂಬಿದ್ದೀರಾ ಎಂದು ನಾನೂ ಕೇಳಲಿಲ್ಲ, ಹಟ.

ಅವರ ಆರೋಗ್ಯ ಕೆಟ್ಟದ್ದು ಇದ್ದಕ್ಕಿದ್ದ ಹಾಗೆ. ಹೃದಯ ಸೋತಿದೆ, ಮಲಗಿಯೇ ಇರಬೇಕು ಎಂದರು ಡಾಕ್ಟರು. ಒಳಕೋಣೆಯ ಮಂಚ ಹಿಡಿದರು. ಟೀವಿ ಇದ್ದ ಜಗಲಿಗೆ ಎದ್ದು ಬರುವ ತ್ರಾಣವೂ ಉಳಿಯಲಿಲ್ಲ. ಸಂಜೆಯಾದರೆ "ಅಜ್ಜಿ ಇಳಿದ್ಲಾ?" ಎಂದು ಒಳಗಿನಿಂದಲೇ ಕೇಳುವರು, ನಾನು ನೋಡಿ ಹೇಳುತ್ತಿದ್ದೆ. ಆಗಲೇ ಕಂಪನಿಯವರು ಆಟಕ್ಕೆ ಒಂದು ಅಪ್‌ಡೇಟ್ ಬಿಟ್ಟರು. ಹೊಸ ಕತ್ತಿ, ಹೊಸ ಕುದುರೆ ಬಂದವು. ಅಜ್ಜಿ ಕೆಟ್ಟಳು. ತಿರುವಿನಲ್ಲಿ ಬುಟ್ಟಿ ಇಳಿಸಿದವಳು ಮತ್ತೆ ಎತ್ತಿಕೊಳ್ಳಲಿಲ್ಲ. ಕತ್ತಲಾಯಿತು, ಅಲ್ಲಿಯೇ ನಿಂತಿದ್ದಳು. ನಾನು ಕೂಡಲೇ ತಪ್ಪನ್ನು ಬರೆದು ಕಳಿಸಿದೆ. ಇದರಿಂದ ಆಟಕ್ಕೆ ತೊಂದರೆಯಿಲ್ಲ, ಮುಖ್ಯವಾದದ್ದಲ್ಲ ಎಂದು ಉತ್ತರ ಬಂತು.

ಮಾವನಿಗೆ ಹೇಳುವುದು ಹೇಗೆಂದು ಅಡುಗೆಮನೆಯಲ್ಲಿ ಅತ್ತೆಯ ಹತ್ತಿರ ಕೇಳಿದೆ. ಅತ್ತೆ ಈಳಿಗೆಮಣೆಯ ಮೇಲೆ ಕೈ ನಿಲ್ಲಿಸಿದರು. ನನಗೆ ಗೊತ್ತಿಲ್ಲದ ಕಥೆಯೊಂದನ್ನು ಅವರು ಹೇಳಿದ್ದು ಆಗ. ಮಾವ ಇನ್ನೂ ಕೆಲಸದಲ್ಲಿದ್ದಾಗ, ಭಟ್ಕಳಕ್ಕೆ ಹೋಗುವ ಸಂಜೆಯ ಬಸ್ಸಿನಲ್ಲಿ ಬುಟ್ಟಿ ಇಟ್ಟುಕೊಂಡ ಒಬ್ಬ ಮುದುಕಿ ಸಿಕ್ಕಿದ್ದಳಂತೆ. ಟಿಕೆಟ್ ಹೊನ್ನಾವರದವರೆಗೆ, ಬಸ್ಸು ಹೊನ್ನಾವರ ದಾಟಿ ಬಹಳ ದೂರ ಬಂದಿತ್ತು. ನಿದ್ದೆ ಬಂದುಬಿಟ್ಟಿತು ಎಂದಳು. ಇಳಿಯೋದೆಲ್ಲಿ ಎಂದರೆ, ಮನೆಯಲ್ಲಿ ಎಂದಳು. ಮಾವನಿಗೆ ಅದು ನಾಟಕದ ಹಾಗೆ ಕಂಡಿತು. ಮುಂದಿನ ಊರಿನವರೆಗಾದರೂ ಬಿಡಿ ಎಂದು ಕಂಡಕ್ಟರ್ ಹೇಳಿದ. ಕೇಳದೆ ಅಲ್ಲೇ ಒಂದು ತಿರುವಿನಲ್ಲಿ ಇಳಿಸಿದರು. ದಂಡ ಹಾಕದೆ ಬಿಟ್ಟದ್ದೇ ದೊಡ್ಡ ಉಪಕಾರ ಎಂದುಕೊಂಡರು. ಬಸ್ಸು ಹೊರಟ ಮೇಲೆ ಹಿಂದಿನ ಗಾಜಿನಲ್ಲಿ ನೋಡಿದರೆ ಅವಳು ಬುಟ್ಟಿಯನ್ನು ಕಾಲ ಬುಡದಲ್ಲಿ ಇಟ್ಟುಕೊಂಡು ನಿಂತೇ ಇದ್ದಳು. ಆಮೇಲೆ ಎಷ್ಟೋ ಸಲ ಮಾವ ಆ ತಿರುವಿನಲ್ಲಿ ಇಳಿದು ಸುತ್ತಿನ ಮನೆಗಳಲ್ಲಿ ವಿಚಾರಿಸಿದರು. ಅಂಥವಳನ್ನು ಯಾರೂ ಕಂಡಿರಲಿಲ್ಲ.

ಮುಟ್ಟಿದಳು ಎಂದೇ ಹೇಳು ಎಂದರು ಅತ್ತೆ. ಗಂಡನೂ ಅದನ್ನೇ ಹೇಳಿದರು. ಸಾಯುವ ಹೊತ್ತಿನಲ್ಲಿರುವವರಿಗೆ ಒಂದು ಸುಳ್ಳು ಹೇಳಿದರೆ ಪಾಪ ಬರುತ್ತದೆಯೇ? ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಈ ಮನೆಗೆ ಬಂದಾಗಿನಿಂದ ನಾನು ಸುಳ್ಳು ಹೇಳುತ್ತಿಲ್ಲ ಎಂದು ತೋರಿಸಲು ಹೆಣಗಿದ್ದು ಒಬ್ಬರೆದುರು ಮಾತ್ರ, ಅದು ಈ ಮನುಷ್ಯನ ಎದುರು.

ಸಂಜೆ ಗಂಜಿ ಕುಡಿಸಲು ಹೋದೆ. ನಾವಿಬ್ಬರೇ ಇದ್ದೆವು. "ತಂಗಿ, ಅಜ್ಜಿ ಇಳಿದ್ಲಾ?" ಎಂದರು.

"ಇಲ್ಲ ಮಾವ. ತಿರುವಿನಲ್ಲೇ ನಿಂತಿದ್ಲು. ಮನೆಗೆ ಹೋಗೂದಿಲ್ಲ."

ಮಾವ ಕಣ್ಣು ಮುಚ್ಚಿದರು. "ಮಧ್ಯಾಹ್ನ ನಿನ್ನ ಗಂಡನ ಹತ್ರ ಕೇಳಿದ್ದೆ. ಮುಟ್ಟಿದ್ಲು ಅಂದ" ಎಂದರು. ಬೇರೆ ಬೇರೆ ಕೇಳಿದ್ದರು. ಆ ಸ್ಥಿತಿಯಲ್ಲೂ ಚೆಕಿಂಗ್ ಬಿಟ್ಟಿರಲಿಲ್ಲ. ನಾನು ಮೊಬೈಲಿನಲ್ಲಿ ಫೋಟೊ ತೆಗೆದು ತಂದು ತೋರಿಸುತ್ತೇನೆ ಎಂದು ಎದ್ದೆ.

"ಬ್ಯಾಡ" ಎಂದರು. "ನೀ ಹೇಳಿದ್ದು ಸಾಕು."

ಆಮೇಲೆ ಕೇಸ್ ಬರೆದೆಯಾ ಎಂದು ಕೇಳಿದರು. ಬರೆದೆ, ಅವರಿಗೆ ಅದು ಮುಖ್ಯವಲ್ಲವಂತೆ ಎಂದೆ. "ಮತ್ತೆ ಬರಿ" ಎಂದರು. ಅಂಗೈಯಿಂದ ಮಂಚದ ಪಟ್ಟಿಯನ್ನು ಎರಡು ಸಲ ತಟ್ಟಿದರು, ಚೆಕಿಂಗ್ ಮುಗಿಸಿ ಇಳಿದವರು ಬಸ್ಸಿನ ಮೈ ತಟ್ಟುವ ಹಾಗೆ. "ರೈಟ್" ಎಂದರು. ನನಗೆ ಅವರು ಹೇಳಿದ ಕೊನೆಯ ಮಾತು ಅದು. ಆ ವಾರವೇ ತೀರಿಕೊಂಡರು.

ನಾನು ಮತ್ತೆ ಬರೆದೆ. ಮತ್ತೆ ಮತ್ತೆ ಬರೆದೆ. ನನ್ನ ಮೇಲಿನವರಿಗೆ ತಲೆ ಕೆಟ್ಟುಹೋಗುವಷ್ಟು ಬರೆದೆ. ಮಾವನ ವರ್ಷಾಂತಿಕ ಮುಗಿದ ಮೇಲೆ ಇನ್ನೊಂದು ಅಪ್‌ಡೇಟ್ ಬಂತು. ಏನೇನು ಸರಿಮಾಡಿದ್ದೇವೆಂದು ಹೇಳುವಲ್ಲಿ ಅಜ್ಜಿಯ ಸುದ್ದಿಯೇ ಇರಲಿಲ್ಲ. ನನಗೆ ನಂಬಿಕೆಯೂ ಇರಲಿಲ್ಲ, ಆದರೂ ಸಂಜೆ ಪೇಟೆಯ ಬಾಯಲ್ಲಿ ಹೋಗಿ ನಿಂತೆ. ಅಜ್ಜಿ ಬುಟ್ಟಿ ಎತ್ತಿಕೊಂಡಳು, ನಾನು ಹಿಂದೆ ಹೊರಟೆ. ಸೇತುವೆಯ ಮೇಲೆ ಈ ಸಲ ನೀರು ನೋಡಿದೆ, ಚೆನ್ನಾಗಿತ್ತು. ತಿರುವಿನಲ್ಲಿ ಅವಳು ಬುಟ್ಟಿ ಇಳಿಸಿ ನಿಂತಳು. ನಿಂತೇ ಇದ್ದಳು. ಆಮೇಲೆ ಎತ್ತಿಕೊಂಡಳು. ಗುಡ್ಡ ಹತ್ತಿ, ಬಾಗಿಲು ತೆಗೆದು, ಒಳಗೆ ಹೋಗಿ ಅಗಳಿ ಹಾಕಿಕೊಂಡಳು.

ನಾನು ಕೂಗಿದ್ದಕ್ಕೆ ಅತ್ತೆ ಒದ್ದೆ ಕೈಯಲ್ಲೇ ಓಡಿಬಂದರು. ಇಬ್ಬರೂ ನಿಂತು ಆ ಕಿಟಕಿಯಲ್ಲಿ ದೀಪ ಬರುವವರೆಗೂ ಕಾದೆವು. ಅತ್ತೆ ಸೆರಗಿನಲ್ಲಿ ಮೊದಲು ಕೈ ಒರೆಸಿಕೊಂಡರು, ಆಮೇಲೆ ಕಣ್ಣು.

"ಅವರು ಇದ್ದಿದ್ರೂ ನಂಬ್ತಿರ್ಲಿಲ್ಲ" ಎಂದರು. "ಎದ್ದು ಬಂದು ನೋಡೂ ತನಕ ನಂಬೂ ಜನ ಅಲ್ಲ."

"ನಾ ಹೇಳಿದ್ರೆ ನಂಬ್ತಿದ್ರು ಅತ್ತೆ" ಎಂದೆ.